ಅಕ್ಕನ ಪಿಎಚ್‌ಡಿ, ಅಪ್ಪನ ಕೊಬ್ಬರಿ

ಮೊನ್ನೆ ರಾತ್ರಿ ಒಂಬತ್ತೂವರೆಗೆ ಚಿಕ್ಕಪ್ಪನ ಫೋನ್ ಬಂತು. ಅವರು ಎಂಟೂವರೆಗೇ ಉಂಡು ಮಲಗುವ ಮನುಷ್ಯ. ಏನೋ ಆಗಿದೆ ಅಂತ ಗಾಬರಿಯಲ್ಲೇ ಎತ್ತಿದೆ.

"ಲೇ ಮಗಾ, ನಿನ್ ತಂಗಿಗೆ ಬೆಂಗಳೂರಿಂದ ಎರಡು ಲೆಟ್ರು ಬಂದವೆ. ಒಂದು ಪಿಎಚ್‌ಡಿ ಇಂಟರ್‌ವ್ಯೂಗಂತೆ. ಇನ್ನೊಂದು ಯಾವ್ದೋ ಪ್ರಾಜೆಕ್ಟಂತೆ. ಎರಡ್ರಲ್ಲೂ ತಿಂಗಳಾ ತಿಂಗಳಾ ದುಡ್ಡು ಕೊಡ್ತಾರಂತೆ. ಓದೋರಿಗೆ ಯಾರಾದ್ರೂ ದುಡ್ಡು ಕೊಡ್ತಾರೇನ್ಲಾ? ಇದು ಓದೋ, ಕೆಲ್ಸಾನೋ?"

ಬೆಳಿಗ್ಗೆ ಹೇಳ್ತೀನಿ ಅಂದು ಫೋನ್ ಇಟ್ಟೆ. ಉತ್ತರ ಗೊತ್ತಿಲ್ಲ ಅಂತಲ್ಲ. ಇದೇ ಪ್ರಶ್ನೆಯನ್ನು 2018ರಲ್ಲಿ ನಮ್ಮಪ್ಪ ನನಗೆ ಕೇಳಿದ್ದರು. ಆಗ ನಾನು ಪಟ್ಟಂತ ಒಂದು ಉತ್ತರ ಕೊಟ್ಟಿದ್ದೆ. ಆ ಉತ್ತರದಿಂದ ನಮ್ಮನೆಯಲ್ಲಿ ಏನೇನಾಯಿತು ಅನ್ನುವುದನ್ನು ನೆನೆಸಿಕೊಂಡು ಅವತ್ತು ರಾತ್ರಿ ಸುಮಾರು ಹೊತ್ತು ನಿದ್ದೆ ಬರಲಿಲ್ಲ.

ನಮ್ಮದು ಅರಸೀಕೆರೆ ತಾಲ್ಲೂಕು. ಇರುವುದು ತೆಂಗು, ಒಂದಿಷ್ಟು ರಾಗಿ. ನಮ್ಮಕ್ಕ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ ಮಾಡಿದಳು. ಬಯೋಕೆಮಿಸ್ಟ್ರಿ ಅಂದರೆ ಜೀವ ಇರುವ ವಸ್ತುಗಳ ಒಳಗೆ ನಡೆಯುವ ರಸಾಯನಶಾಸ್ತ್ರ. ಸಿಎಸ್‌ಐಆರ್ ನೆಟ್ ಪರೀಕ್ಷೆಯನ್ನು ಮೊದಲ ಸಲ ಬರೆದು ಫೇಲಾದಳು. ಎರಡನೇ ಸಲ ಜೆಆರ್‌ಎಫ್ ಬಂತು, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್. ಆಗ ತಿಂಗಳಿಗೆ 25,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿತು.

ಅಪ್ಪ ಕೇಳಿದರು: "ಇದು ಕೆಲ್ಸಾನೇನೋ?" ನಾನು ಆಗಷ್ಟೇ ಪತ್ರಿಕೋದ್ಯಮ ಓದುತ್ತಿದ್ದೆ. ಎಲ್ಲ ತಿಳಿದವನ ಹಾಗೆ ಹೇಳಿದೆ: "ಕೆಲ್ಸಾನೇ ಅಪ್ಪಾ. ಗೌರ್ಮೆಂಟೇ ದುಡ್ಡು ಕೊಡೋದು."

ಈ ಮಾತಿನಲ್ಲಿ ಸುಳ್ಳು ಎಷ್ಟಿತ್ತು? ದುಡ್ಡು ಸರ್ಕಾರದ್ದೇ. ಆದರೆ ಅದು ಸಂಬಳ ಅಲ್ಲ. ಪಿಎಫ್ ಇಲ್ಲ, ಪಿಂಚಣಿ ಇಲ್ಲ, ಐದು ವರ್ಷದ ಆಚೆಗೆ ಏನೂ ಇಲ್ಲ. ಅಪ್ಪ ಅದನ್ನು "ನನ್ ಮಗಳಿಗೆ ಗೌರ್ಮೆಂಟ್ ಕೆಲ್ಸ ಆಯ್ತು" ಅಂತ ಹಾಲಿನ ಡೇರಿ ಹತ್ತಿರ ಹೇಳಿದರು. ಡೇರಿಯಲ್ಲಿ ಹೇಳಿದ ಮೇಲೆ ಕೇಳಬೇಕೆ, ವಾರದೊಳಗೆ ಮೂರು ಊರಿಗೆ ಗೊತ್ತಾಯಿತು. ಮಾರನೇ ವರ್ಷ ಒಂದು ಒಳ್ಳೆಯ ಸಂಬಂಧ ಬಂತು. ಮಾತುಕತೆ ತಾಂಬೂಲದವರೆಗೂ ಹೋಯಿತು. ಆಮೇಲೆ ಹುಡುಗನ ಕಡೆಯವರು ಯಾರನ್ನೋ ವಿಚಾರಿಸಿದರು. ಅದು ಕಾಯಂ ನೌಕರಿ ಅಲ್ಲ, ಸ್ಟೈಪೆಂಡು ಅಂತ ಅವರಿಗೆ ತಿಳಿಯಿತು. "ಸುಳ್ಳು ಹೇಳಿದ್ರಲ್ಲ" ಅಂದು ಎದ್ದು ಹೋದರು. ಅಪ್ಪ ಆವತ್ತು ನನ್ನ ಮುಖ ನೋಡಿದ ರೀತಿ ಇನ್ನೂ ಕಣ್ಣಮುಂದಿದೆ. ಅಕ್ಕನಿಗೆ ಆ ಹುಡುಗ ಇಷ್ಟವಾಗಿರಲಿಲ್ಲ, ಅದು ಬೇರೆ ಮಾತು. ಆದರೆ ಸುಳ್ಳುಗಾರರು ಅನ್ನಿಸಿಕೊಂಡಿದ್ದು ಅಪ್ಪ. ಮಾತು ನನ್ನದು, ಪೆಟ್ಟು ಬಿದ್ದದ್ದು ಅವರಿಗೆ.

ಹಾಗಾದರೆ ಅವಳು ಅಲ್ಲಿ ಮಾಡುತ್ತಿದ್ದುದು ಏನು? ನನಗೂ ಗೊತ್ತಿರಲಿಲ್ಲ. 2019ರಲ್ಲಿ ಒಂದು ಭಾನುವಾರ ಅಪ್ಪನನ್ನೂ ಕರೆದುಕೊಂಡು ಹೋದೆ. ಭಾನುವಾರವೂ ಅವಳು ಲ್ಯಾಬಿನಲ್ಲೇ ಇದ್ದಳು.

ಗಾಜಿನ ಬಾಗಿಲಿನ ಒಂದು ಪೆಟ್ಟಿಗೆ. ಒಳಗೆ 37 ಡಿಗ್ರಿ ಬಿಸಿ, ಅಂದರೆ ನಮ್ಮ ಮೈಯ ಬಿಸಿಯಷ್ಟೇ. ಗಾಳಿಯಲ್ಲಿ ಶೇಕಡ 5ರಷ್ಟು ಇಂಗಾಲದ ಡೈಆಕ್ಸೈಡ್. ಚಪ್ಪಟೆ ಬಾಟಲಿಗಳಲ್ಲಿ ಕೆಂಪಗಿನ ನೀರು. ಆ ನೀರಿನ ತಳದಲ್ಲಿ ಮನುಷ್ಯರ ಜೀವಕೋಶಗಳು ಬೆಳೆಯುತ್ತಿದ್ದವು. ಬರಿಗಣ್ಣಿಗೆ ಕಾಣುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಅಪ್ಪ ಒಂದು ಕಣ್ಣು ಮುಚ್ಚಿ ನೋಡಿದರು. "ಗದ್ದೆಗೆ ನೀರು ಬಿಟ್ಟಾಗ ಕಾಣೋ ಪಾಚಿ ಇದ್ದಂಗೈತೆ" ಅಂದರು.

ಎರಡು ಮೂರು ದಿನಕ್ಕೊಮ್ಮೆ ಆ ಕೆಂಪು ನೀರು ಬದಲಿಸಬೇಕು. ಇಲ್ಲದಿದ್ದರೆ ಕೋಶಗಳು ಸಾಯುತ್ತವೆ. "ಹಸು ಕಟ್ಟಿದಂಗೆ ಅನ್ನು" ಅಂದರು ಅಪ್ಪ. ಆವತ್ತಿನಿಂದ ಅವಳು ಯುಗಾದಿಗೆ ಯಾಕೆ ಬರುವುದಿಲ್ಲ, ಬಂದರೂ ಮಾರನೇ ದಿನವೇ ಯಾಕೆ ಓಡುತ್ತಾಳೆ ಅಂತ ಅವರು ಕೇಳಿದ್ದು ನನಗೆ ನೆನಪಿಲ್ಲ. ಹಸು ಕಟ್ಟಿದವರಿಗೆ ಆ ಪ್ರಶ್ನೆ ಹುಟ್ಟುವುದಿಲ್ಲ.

ಹೀಗೆ ಲ್ಯಾಬಿನಲ್ಲಿ ಬೆಳೆಸುವ ಕೋಶಗಳಲ್ಲಿ ಬಹಳ ಹೆಸರಾದವು ಹೀಲಾ ಕೋಶಗಳು. 1951ರಲ್ಲಿ ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅನ್ನುವ ಕಪ್ಪು ಹೆಣ್ಣುಮಗಳ ಕ್ಯಾನ್ಸರ್ ಗಡ್ಡೆಯಿಂದ ಅವನ್ನು ತೆಗೆದರು, ಅವಳನ್ನು ಒಂದು ಮಾತೂ ಕೇಳದೆ. ಆಕೆ ಅದೇ ವರ್ಷ ತೀರಿಕೊಂಡಳು. ಕೋಶಗಳು ಇವತ್ತಿಗೂ ಬೆಳೆಯುತ್ತಿವೆ. ಆಕೆಯ ಕುಟುಂಬದ ಮೂಲ ಹೊಗೆಸೊಪ್ಪು ಬೆಳೆಯುವ ಊರು ಅಂತ ಅಕ್ಕ ಹೇಳಿದಾಗ ಅಪ್ಪ "ಪಿರಿಯಾಪಟ್ನದ ಕಡೇಯೋರ ಹಂಗೆ" ಅಂದು ಸುಮ್ಮನಾದರು.

ಅಕ್ಕನ ವಿಷಯ ಜೀವಕೋಶ ತನ್ನೊಳಗಿನ ಹಳೆಯ ಸಾಮಾನನ್ನು ತಾನೇ ಅರಗಿಸಿಕೊಳ್ಳುವುದು. ಅದನ್ನು ಆಟೋಫೇಜಿ ಅನ್ನುತ್ತಾರೆ. ಅಪ್ಪನಿಗೆ ಅವಳು ಹೇಳಿದ್ದು ಹೀಗೆ: "ಕೋಶದೊಳಗೂ ಒಂದು ತಿಪ್ಪೆಗುಂಡಿ ಐತೆ ಅಪ್ಪ. ಹಳೇದು, ಮುರಿದಿದ್ದು ಎಲ್ಲಾನೂ ಅಲ್ಲಿ ಹೋಗಿ ಬೀಳುತ್ತೆ, ಕೊಳೆತು ಗೊಬ್ಬರ ಆಗುತ್ತೆ, ಅದರಿಂದ್ಲೇ ಹೊಸದು ಕಟ್ಕೊಳ್ಳುತ್ತೆ. ತಿಪ್ಪೆ ಕೆಟ್ಟರೆ ಕಾಯಿಲೆ." ಈ ಕೆಲಸ ನಡೆಸುವ ಜೀನ್‌ಗಳು ಯಾವುವು ಅಂತ ಯೀಸ್ಟಿನಲ್ಲಿ ಹುಡುಕಿ ತೋರಿಸಿದ್ದಕ್ಕೆ ಜಪಾನಿನ ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಯೀಸ್ಟ್ ಅಂದರೆ ಬ್ರೆಡ್ಡು ಉಬ್ಬಿಸುವುದು. ತಿಪ್ಪೆಗೆ ನೊಬೆಲ್ ಕೊಡ್ತಾರಾ ಅಂತ ಅಪ್ಪ ನಕ್ಕರು. ಪತ್ರಿಕೋದ್ಯಮ ತರಗತಿಯಲ್ಲಿ ವಿಜ್ಞಾನ ಬರವಣಿಗೆ ಅಂತ ಒಂದು ಪೇಪರ್ ಇತ್ತು. ಈ ತಿಪ್ಪೆಗುಂಡಿಯಷ್ಟು ಚೆನ್ನಾಗಿ ಅಲ್ಲಿ ಯಾರೂ ಏನನ್ನೂ ವಿವರಿಸಲಿಲ್ಲ.

ಇಂಟರ್‌ವ್ಯೂನಲ್ಲೂ ಅವಳನ್ನು ಕಾಪಾಡಿದ್ದು ಊರೇ. ಪಿಎಚ್ ಅಂದರೆ ಏನು, ಪ್ರೋಟೀನಿಗೂ ಅದಕ್ಕೂ ಏನು ಸಂಬಂಧ ಅಂತ ಕೇಳಿದರಂತೆ. ಇಂಗ್ಲಿಷು ತಡವರಿಸಿತು. ಬೋರ್ಡಿನ ಹತ್ತಿರ ಹೋಗಿ ಅವ್ವ ಹಾಲಿಗೆ ಹೆಪ್ಪು ಹಾಕುವುದನ್ನು ಬರೆದು ತೋರಿಸಿದಳಂತೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಹುಳಿ ಏರಿದ ಹಾಗೆ ಹಾಲಿನ ಕೇಸಿನ್ ಅನ್ನುವ ಪ್ರೋಟೀನು ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅದೇ ಮೊಸರು. ಅಲ್ಲಿಂದ ಮುಂದಿನ ಮುಕ್ಕಾಲು ಗಂಟೆ ಸಲೀಸಾಯಿತು. ಆದರೆ ಅದಕ್ಕೂ ಮುಂಚಿನ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡದಲ್ಲಿ ಯೋಚಿಸುವ ಹುಡುಗಿ ಮೂರು ಗಂಟೆಯ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಯನ್ನೂ ಎರಡೆರಡು ಸಲ ಓದಬೇಕು. ತಪ್ಪಿದರೆ ಅಂಕ ಕಳೆಯುತ್ತಾರೆ. ಮೊದಲ ಸಲ ಅವಳು ಬಿದ್ದದ್ದು ವಿಷಯ ಗೊತ್ತಿಲ್ಲದೆ ಅಂತ ನಾನು ಈಗಲೂ ಒಪ್ಪುವುದಿಲ್ಲ.

2020ರ ಲಾಕ್‌ಡೌನ್ ಬಂದಾಗ ಲ್ಯಾಬ್ ಮುಚ್ಚಿತು. ಕೋಶಗಳನ್ನೆಲ್ಲ ಸಣ್ಣ ಸೀಸೆಗೆ ತುಂಬಿ ದ್ರವ ಸಾರಜನಕದಲ್ಲಿ ಇಟ್ಟು ಊರಿಗೆ ಬಂದಳು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಣ್ಣಗೆ. ನಿಮಗೂ ಗೊತ್ತು ಅದು. ಹಸುವಿಗೆ ಇಂಜೆಕ್ಷನ್ ಕೊಡಿಸಲು ಪಶು ಆಸ್ಪತ್ರೆಗೆ ಹೋದಾಗ ಡಾಕ್ಟರು ಹೊಗೆಯಾಡುವ ಕ್ಯಾನಿನಿಂದ ಕಡ್ಡಿ ತೆಗೆಯುತ್ತಾರಲ್ಲ, ಅದೇ ಕ್ಯಾನು, ಅದೇ ಸಾರಜನಕ. ಮೂರು ತಿಂಗಳ ನಂತರ ಹೋಗಿ ಕರಗಿಸಿದಾಗ ಕೋಶಗಳು ಬದುಕಿದ್ದವು. ಆದರೆ ಎರಡೇ ವಾರದಲ್ಲಿ ಬಾಟಲಿಗಳಿಗೆ ಬೂಷ್ಟು ಹಿಡಿಯಿತು. ಎಲ್ಲಾ ಎಸೆದು ಮೊದಲಿನಿಂದ ಶುರು ಮಾಡಿದಳು.

ಈಗ ಹೇಳಬೇಕಾದ್ದು ದುಡ್ಡಿನ ಕಥೆ.

ಜೆಆರ್‌ಎಫ್ ಎರಡು ವರ್ಷ. ಆಮೇಲೆ ಒಂದು ಸಮಿತಿ ಕೆಲಸ ನೋಡಿ ಒಪ್ಪಿದರೆ ಎಸ್‌ಆರ್‌ಎಫ್, ಅಂದರೆ ಸೀನಿಯರ್ ಫೆಲೋಶಿಪ್. ಅಕ್ಕನ ಎರಡು ವರ್ಷ ಮುಗಿದದ್ದು 2020ರ ಆಗಸ್ಟಿನಲ್ಲಿ. ಕಾಗದ ಯಾವುದೋ ಮೇಜಿನ ಮೇಲೆ ಕೂತಿತು. ಸೆಪ್ಟೆಂಬರ್ ಬಂತು, ದುಡ್ಡು ಬರಲಿಲ್ಲ. ಅಕ್ಟೋಬರ್, ನವೆಂಬರ್, ಡಿಸೆಂಬರ್. ಯಾರಿಗೆ ಫೋನ್ ಮಾಡಿದರೂ "ಪ್ರೋಸೆಸ್‌ನಲ್ಲಿದೆ". ಅವಳು ಗೆಳತಿಯರ ಹತ್ತಿರ ಸಾಲ ಮಾಡಿದ್ದಳು. ಮನೆಗೆ ಹೇಳಿರಲಿಲ್ಲ. ಒಂದು ರಾತ್ರಿ ನನಗೆ ಹೇಳಿ ಅತ್ತಳು. "ಅಪ್ಪನಿಗೆ ಹೇಳಬೇಡ" ಅಂತ ಆಣೆ ಹಾಕಿಸಿಕೊಂಡಳು.

ನಾನು ಮಾರನೇ ದಿನವೇ ಅಪ್ಪನಿಗೆ ಹೇಳಿದೆ.

ಉಂಡೆ ಕೊಬ್ಬರಿ ಹೇಗಾಗುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ, ಬೇರೆ ಜಿಲ್ಲೆಯವರಿಗೆ ಹೇಳುತ್ತೇನೆ. ಬಲಿತ ಕಾಯನ್ನು ಅಟ್ಟದ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡಬೇಕು. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕುಲುಕಿದರೆ ಗಟಗಟ ಅನ್ನಬೇಕು. ಆಗ ಸುಲಿದು ತಿಪಟೂರಿಗೆ. ನಡುವೆ ಇಳಿಸಿದರೆ ಅದು ಅತ್ತ ಕಾಯಿಯೂ ಅಲ್ಲ, ಇತ್ತ ಕೊಬ್ಬರಿಯೂ ಅಲ್ಲ. ಅಪ್ಪ ಆರು ತಿಂಗಳ ಕಾಯನ್ನು ಅಟ್ಟದಿಂದ ಇಳಿಸಿದರು. ವ್ಯಾಪಾರಿ ಕೇಳಿದ ರೇಟಿಗೆ ಕೊಟ್ಟು, ಅಕ್ಕನ ಖಾತೆಗೆ ನಲವತ್ತು ಸಾವಿರ ಹಾಕಿದರು. ಆ ವರ್ಷ ನಮ್ಮ ಅಟ್ಟ ಖಾಲಿ.

ಅಕ್ಕ ನನ್ನ ಜೊತೆ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ. "ನಿನಗೆ ಹೇಳಿದ್ದು ಮನಸ್ಸು ಹಗುರ ಆಗ್ಲಿ ಅಂತ. ಅಟ್ಟ ಖಾಲಿ ಮಾಡಿಸು ಅಂತಲ್ಲ" ಅಂದಳು. ನಾನು ಮಾಡಿದ್ದು ತಪ್ಪಾ? ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ. ಹೇಳದೆ ಇದ್ದಿದ್ದರೆ ಅವಳು ಬಿಟ್ಟು ಬರುತ್ತಿದ್ದಳೇನೋ. ಜೊತೆಯಲ್ಲಿ ಸೇರಿದ್ದ ಒಬ್ಬ ಹುಡುಗ ಅದೇ ಚಳಿಗಾಲದಲ್ಲಿ ಬಿಟ್ಟು ಹೋದ. ಅವನಿಗೆ ಇಳಿಸಲು ಅಟ್ಟ ಇರಲಿಲ್ಲ.

ಫೆಬ್ರವರಿಯಲ್ಲಿ ಬಾಕಿ ಎಲ್ಲ ಒಟ್ಟಿಗೆ ಬಂತು. ಅಕ್ಕ ಆ ನಲವತ್ತು ಸಾವಿರಕ್ಕೆ ಇನ್ನೂ ಅರವತ್ತು ಸೇರಿಸಿ ಅಪ್ಪನಿಗೆ ಕಳಿಸಿದಳು. ಅಪ್ಪ ಅದನ್ನು ಮುಟ್ಟದೆ ಸೊಸೈಟಿಯಲ್ಲಿ ಅವಳ ಹೆಸರಿಗೆ ಎಫ್‌ಡಿ ಇಟ್ಟರು, ಮದುವೆಗಿರಲಿ ಅಂತ. ಅದು ಮದುವೆಗೆ ಆಗಲಿಲ್ಲ. ಯಾಕೆ ಅಂದರೆ ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ, ಪಿಎಚ್‌ಡಿ ನಿಲ್ಲುವುದಿಲ್ಲ. 2023ರ ಆಗಸ್ಟಿಗೆ ದುಡ್ಡು ನಿಂತಿತು. ಥೀಸಿಸ್ ಕೊಟ್ಟದ್ದು 2024ರ ಮೇ ತಿಂಗಳಲ್ಲಿ. ನಡುವಿನ ಒಂಬತ್ತು ತಿಂಗಳು ಅವಳು ಬದುಕಿದ್ದು ಆ ಎಫ್‌ಡಿ ಮುರಿಸಿ, ಜೊತೆಗೆ ಸಂಜೆ ಹೊತ್ತು ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿ.

ಅವಳಿಗೆ ಈಗ ಹೆಸರಿನ ಮುಂದೆ ಡಾಕ್ಟರ್ ಇದೆ. ಅವಳು ಊರಿಗೆ ಬಂದರೆ ಪಕ್ಕದ ಮನೆಯ ಅಜ್ಜಿ ಮಂಡಿ ನೋವಿನ ಎಕ್ಸ್‌ರೇ ಹಿಡಿದುಕೊಂಡು ಬರುತ್ತಾರೆ. "ನಾನು ಆ ಡಾಕ್ಟ್ರಲ್ಲ ಅಜ್ಜಿ" ಅಂದರೆ "ಮತ್ಯಾಕವ್ವಾ ಅಷ್ಟು ವರ್ಷ ಓದ್ದೆ?" ಅನ್ನುತ್ತಾರೆ. ಅಕ್ಕ ಎಕ್ಸ್‌ರೇ ನೋಡಿ ಅರಸೀಕೆರೆಗೆ ಹೋಗಿ ತೋರಿಸಿ ಅನ್ನುತ್ತಾಳೆ.

ಪಿಎಚ್‌ಡಿ ಆದ ಮೇಲಿನ ಹಂತಕ್ಕೆ ಪೋಸ್ಟ್‌ಡಾಕ್ ಅನ್ನುತ್ತಾರೆ. ಬೇರೆಯವರ ಲ್ಯಾಬಿನಲ್ಲಿ ಎರಡು ಮೂರು ವರ್ಷ ಸಂಶೋಧನೆ. ಅಕ್ಕ ಈಗ ಹೈದರಾಬಾದಿನಲ್ಲಿ ರಿಸರ್ಚ್ ಅಸೋಸಿಯೇಟ್. ಕೇಂದ್ರ ಸರ್ಕಾರದ ದರದಲ್ಲಿ ಆ ಹುದ್ದೆಗೆ ಶುರುವಿಗೆ ತಿಂಗಳಿಗೆ 58,000, ಮೇಲಿನ ಹಂತಗಳಲ್ಲಿ 61,000 ಮತ್ತು 67,000. ಕೇಳಲು ಚೆನ್ನಾಗಿದೆ. ಆದರೆ ಅವಳದು ವರ್ಷ ವರ್ಷ ನವೀಕರಣ ಆಗಬೇಕಾದ ಹುದ್ದೆ. ಪಿಎಚ್‌ಡಿ ಮಾಡಿದವರಷ್ಟು ಪ್ರೊಫೆಸರ್ ಕುರ್ಚಿಗಳು ಈ ದೇಶದಲ್ಲಿ ಇಲ್ಲ, ಬೇರೆ ದೇಶದಲ್ಲೂ ಇಲ್ಲ. ಕೆಲವರು ಔಷಧ ಕಂಪನಿಗೆ ಹೋಗುತ್ತಾರೆ, ಕೆಲವರು ಕಾಲೇಜಿಗೆ, ಕೆಲವರು ಜರ್ಮನಿಗೋ ಅಮೆರಿಕಕ್ಕೋ. ಅಕ್ಕ ಜರ್ಮನಿಯ ಎರಡು ಲ್ಯಾಬಿಗೆ ಬರೆದಿದ್ದಾಳೆ. ಅದಕ್ಕೆ ಏಜೆಂಟು ಬೇಕಿಲ್ಲ. ನೇರ ಪ್ರೊಫೆಸರಿಗೇ ಮೇಲ್ ಬರೆಯುವುದು. ಸೀಟು ಕೊಡಿಸ್ತೀನಿ ಅಂತ ದುಡ್ಡು ಕೇಳುವವನು ಯಾರೇ ಆಗಲಿ, ಫೋನ್ ಇಟ್ಟುಬಿಡಿ.

ಚಿಕ್ಕಪ್ಪನಿಗೆ ಬೆಳಿಗ್ಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಈ ಸಲ ಸಕ್ಕರೆ ಹಾಕಲಿಲ್ಲ. ಓದೂ ಹೌದು, ಕೆಲಸವೂ ಹೌದು, ಆದರೆ ನೌಕರಿ ಅಲ್ಲ ಅಂದೆ. ಜೆಆರ್‌ಎಫ್ ಇದ್ದರೆ 2023ರ ಜನವರಿಯಿಂದ ತಿಂಗಳಿಗೆ 37,000, ಎರಡು ವರ್ಷದ ಮೇಲೆ 42,000. ನೆಟ್ ಪಾಸಾದ ಎಲ್ಲರಿಗೂ ಅದು ಬರುವುದಿಲ್ಲ. ಈಗ ಪಿಎಚ್‌ಡಿ ಸೇರಲು ಮಾತ್ರ ಅರ್ಹತೆ ಕೊಡುವ ಪಾಸೂ ಇದೆ. ತಂಗಿಯದು ಯಾವುದು ಅಂತ ಸರ್ಟಿಫಿಕೇಟ್ ನೋಡಿ ಅಂದೆ. ಆಕೆಗೆ ಜೆಆರ್‌ಎಫ್ ಇತ್ತು. ಅಲ್ಲಿಗೆ ಅರ್ಧ ಭಾರ ಇಳಿಯಿತು.

"ಮತ್ತೆ ಆ ಪ್ರಾಜೆಕ್ಟು? ಅದ್ರಲ್ಲೂ ಅಷ್ಟೇ ದುಡ್ಡಂತಲ್ಲ, ನಾಳೆನೇ ಸೇರ್ಕೊಳ್ಳಿ ಅಂತವ್ರೆ."

ಇದೇ ನಮ್ಮ ಹುಡುಗರು ಎಡವುವ ಜಾಗ. ಪ್ರಾಜೆಕ್ಟ್ ಹುದ್ದೆಯ ಜಾಹೀರಾತಿನಲ್ಲೂ ಜೆಆರ್‌ಎಫ್ ಅಂತಲೇ ಬರೆದಿರುತ್ತದೆ. ಆದರೆ ಅದು ಒಬ್ಬ ಪ್ರೊಫೆಸರ್‌ಗೆ ಸಿಕ್ಕ ಅನುದಾನದಿಂದ ಕೊಡುವ ತಾತ್ಕಾಲಿಕ ಕೆಲಸ. ಅನುದಾನ ಮುಗಿದರೆ ಕೆಲಸ ಮುಗಿಯಿತು. ಅಲ್ಲಿ ಸೇರಿದ ಮಾತ್ರಕ್ಕೆ ಪಿಎಚ್‌ಡಿ ರಿಜಿಸ್ಟ್ರೇಷನ್ ಆಗುವುದಿಲ್ಲ. ಆಮೇಲೆ ಮಾಡಿಸ್ತೀವಿ ಅಂತ ಬಾಯಲ್ಲಿ ಹೇಳಿದ್ದನ್ನು ನಂಬಿ ಮೂರು ವರ್ಷ ಕಳೆದವರನ್ನು ಅಕ್ಕ ಕಂಡಿದ್ದಾಳೆ. ಕಲಿಯುವುದಕ್ಕೆ, ನನಗಿದು ಆಗುತ್ತಾ ಅಂತ ನೋಡಿಕೊಳ್ಳುವುದಕ್ಕೆ ಒಂದು ವರ್ಷ ಪ್ರಾಜೆಕ್ಟ್ ಒಳ್ಳೆಯದೇ. ಪಿಎಚ್‌ಡಿ ಇಂಟರ್‌ವ್ಯೂ ಕೈಯಲ್ಲಿರುವಾಗ ಅದನ್ನು ಬಿಟ್ಟು ಇದಕ್ಕೆ ಓಡುವುದು ಬೇಡ ಅಂದೆ.

ಚಿಕ್ಕಪ್ಪ ಕೊನೆಗೆ, ಕೇಳಬೇಕೋ ಬೇಡವೋ ಅನ್ನುವ ಹಾಗೆ ಕೇಳಿದರು. "ಮದ್ವೆ?"

2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೆರಡು. ಹೆಣ್ಣುಮಕ್ಕಳಿಗೆ ಅದರ ಮೇಲೂ ಎರಡು ವರ್ಷದ ರಿಯಾಯಿತಿ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ. ಮದುವೆಯಾದರೆ ಪಿಎಚ್‌ಡಿ ಬಿಡಬೇಕು ಅಂತ ಎಲ್ಲೂ ಬರೆದಿಲ್ಲ ಅಂದೆ. "ಬರೆದಿಲ್ಲ ಸರಿ, ಬಂದೋರು ಒಪ್ಪಬೇಕಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಕ್ಕ ಒಮ್ಮೆ ಕಮಲಾ ಸೊಹೊನಿ ಅವರ ವಿಷಯ ಹೇಳಿದ್ದಳು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಲು ಬಂದಾಗ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಹೆಣ್ಣು ಅನ್ನುವ ಕಾರಣಕ್ಕೆ ಬೇಡ ಅಂದರು. ಆಕೆ ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥ ಅಂತ ಷರತ್ತು ಹಾಕಿ ಸೇರಿಸಿಕೊಂಡರು. 1939ರಲ್ಲಿ ಕೇಂಬ್ರಿಜ್‌ನಿಂದ ಬಯೋಕೆಮಿಸ್ಟ್ರಿಯಲ್ಲೇ ಪಿಎಚ್‌ಡಿ ಪಡೆದರು. ಮುಂದೆ ನೀರಾದ ಪೌಷ್ಟಿಕಾಂಶದ ಮೇಲೆ ಕೆಲಸ ಮಾಡಿದರು. ನೀರಾ ಅಂದ ತಕ್ಷಣ ಅಪ್ಪ ಕಿವಿ ನಿಮಿರಿಸಿದ್ದರು. ಚಿಕ್ಕಪ್ಪನಿಗೆ ಅದನ್ನೂ ಹೇಳೋಣ ಅಂತ ಬಾಯಿಗೆ ಬಂತು. ಹೇಳಲಿಲ್ಲ. ಅವರು ಕೇಳುತ್ತಿದ್ದುದು ಚರಿತ್ರೆ ಅಲ್ಲ.

ಆಮೇಲೆ ಅಕ್ಕನಿಗೆ ಮೆಸೇಜ್ ಹಾಕಿದೆ, ತಂಗಿಗೆ ಒಂದು ಫೋನ್ ಮಾಡು ಅಂತ. ಗೈಡ್ ಬಗ್ಗೆ ಅವಳೇ ಹೇಳಬೇಕು. ಯಾಕೆಂದರೆ ಐದಾರು ವರ್ಷ ನಿಮ್ಮ ಜುಟ್ಟು ಇರುವುದು ಗೈಡ್ ಕೈಯಲ್ಲಿ. ಅವಳ ಮಾತು ಒಂದೇ: ಒಪ್ಪಿಕೊಳ್ಳುವ ಮೊದಲು ಆ ಲ್ಯಾಬಿನ ಹಳೆಯ ಹುಡುಗರ ಜೊತೆ ಕ್ಯಾಂಟೀನಿನಲ್ಲಿ ಕೂತು ಟೀ ಕುಡಿ. ಎಷ್ಟು ವರ್ಷಕ್ಕೆ ಮುಗಿಸಿದರು, ಎಷ್ಟು ಜನ ಬಿಟ್ಟು ಹೋದರು, ಊರಿಗೆ ಹೋಗಲು ರಜೆ ಕೇಳಿದರೆ ಏನಂತಾರೆ, ಅಷ್ಟು ಕೇಳು. ಕೇಳಿದಾಗ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಎದ್ದು ಬಾ.

ಅವರಿಬ್ಬರೂ ಆವತ್ತು ರಾತ್ರಿ ಒಂದೂವರೆ ಗಂಟೆ ಮಾತಾಡಿದರಂತೆ. ಏನು ಮಾತಾಡಿದರು ಅಂತ ಇಬ್ಬರೂ ನನಗೆ ಹೇಳಿಲ್ಲ. ನನಗೆ ಹೇಳಿದ್ದು ಎಲ್ಲಿಗೆ ಹೋಗುತ್ತದೆ ಅಂತ ಅಕ್ಕನಿಗೆ ಗೊತ್ತಿದೆ.

ನಿನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ್ದರು. ಇಂಟರ್‌ವ್ಯೂ ಬರುವ ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ. ಹಿಂದಿನ ದಿನವೇ ಹೊರಡಬೇಕಾ, ಯಶವಂತಪುರದಲ್ಲಿ ಇಳಿದರೆ ಹತ್ತಿರವಾ ಅಂತ ಕೇಳಿದರು. ಜೊತೆಗೆ ತಾವೂ ಬರುತ್ತಾರಂತೆ. "ಆ ಗಾಜಿನ ಪೆಟ್ಟಿಗೇಲಿ ಏನೋ ಬೆಳಿತಾರಂತಲ್ಲ, ನಿಮ್ಮಪ್ಪ ಹೇಳ್ತಿದ್ದ. ಅಪ್ಪಂದಿರ್ನ ಒಳಗೆ ಬಿಡ್ತಾರೇನ್ಲಾ?"